ಭುಜದ ನೋವು: ನಾನು ಏನು ನೋಡದೆ ಬಿಟ್ಟೆ?

ಪ್ರಶ್ನೆ: ನಾನು ಫಿಸಿಯೋಥೆರಪಿ ಇಂಟರ್ನ್. 56 ವರ್ಷದ ಒಬ್ಬ ಅಮ್ಮ, 4 ತಿಂಗಳಿಂದ ಬಲ ಭುಜದ ನೋವು. ಎಕ್ಸ್‌ರೇ ಸರಿಯಿದೆ. ಕೈ ಎತ್ತಲು ಆಗಲ್ಲ ಅಂದ ಕೂಡಲೇ ಸ್ನಾಯು ಹರಿದಿದೆ ಅಂದುಕೊಂಡು ರಬ್ಬರ್ ಬ್ಯಾಂಡ್ ವ್ಯಾಯಾಮ ಕೊಟ್ಟೆ. ವಾರದಲ್ಲಿ ನೋವು ಜಾಸ್ತಿಯಾಯಿತು. ರಾತ್ರಿ ಆ ಮಗ್ಗುಲಿಗೆ ಮಲಗಲೂ ಆಗುತ್ತಿಲ್ಲವಂತೆ. ತುಂಬಾ ಬೇಜಾರಾಗಿದೆ.

ಉತ್ತರ 1: ಅವರ ಕೈಯನ್ನು ನೀವೇ ಆಡಿಸಿ ನೋಡಿದಿರಾ? ಮೊಣಕೈ ಮಡಚಿ ಪಕ್ಕೆಗೆ ತಾಗಿಸಿ ಹಿಡಿದು, ಮುಂಗೈಯನ್ನು ನಿಧಾನವಾಗಿ ಹೊರಗೆ ತಿರುಗಿಸಿ. ಸ್ನಾಯು ಹರಿದಿದ್ದರೆ, ನೀವು ತಿರುಗಿಸಿದಾಗ ಕೈ ಸಾಮಾನ್ಯವಾಗಿ ತಿರುಗುತ್ತದೆ. ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ) ಆದರೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ. ಎರಡೂ ಕೈ ಹೋಲಿಸಿ.

ಉತ್ತರ 2: ಶುಗರ್ ಇದೆಯಾ ಕೇಳಿ. ಶುಗರ್ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಜಾಸ್ತಿ. ನೋವಿಗೆ ಬೇರೆ ಗಂಭೀರ ಕಾರಣ ಇದೆಯಾ ತಿಳಿಯಲು ಜ್ವರ, ತೂಕ ಇಳಿಕೆ, ಹಳೇ ಕ್ಯಾನ್ಸರ್ ಬಗ್ಗೆಯೂ ಕೇಳಲೇಬೇಕು. ನಾನಂತೂ ಮೊದಲು "ಜಡೆ ಹಾಕ್ಕೊಳ್ಳೋಕೆ ಆಗುತ್ತಾ ಅಮ್ಮಾ?" ಅಂತ ಕೇಳುತ್ತೇನೆ. ಅರ್ಧ ಪರೀಕ್ಷೆ ಅಲ್ಲೇ ಆಗುತ್ತದೆ.

ಪ್ರಶ್ನೆ ಕೇಳಿದವರು: ಇವತ್ತು ನೋಡಿದೆ. ಎಡಗೈ 60 ಡಿಗ್ರಿ ತಿರುಗಿತು, ಬಲಗೈ 15ಕ್ಕೇ ನಿಂತಿತು. ಶುಗರ್ 9 ವರ್ಷದಿಂದ ಇದೆಯಂತೆ, ನಾನು ಕೇಳಿರಲೇ ಇಲ್ಲ. ಜಡೆಯನ್ನು ಮಗಳು ಹಾಕುತ್ತಾಳಂತೆ. ಬ್ಯಾಂಡ್ ನಿಲ್ಲಿಸಿ, ನೋವು ಕೆರಳದಷ್ಟೇ ಕೈ ತೂಗಾಡಿಸಲು ಹೇಳಿದ್ದೇನೆ. ನಾಳೆ ಮೇಡಂಗೆ ತೋರಿಸುತ್ತೇನೆ.