ಬ್ಯಾಟರಿ ಪ್ಲೇಟಿಗೆ ಪೇಸ್ಟ್ ಮೆತ್ತುವುದೋ, ಲೇಪಿಸುವುದೋ, ಹಾಕುವುದೋ? ಪೇಟೆಂಟ್ ಪರಿಶೀಲನಾ ವರದಿಯ ಪದಗಳು

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ.

ಸೀಸ-ಆಮ್ಲ ಬ್ಯಾಟರಿಯ ಪ್ಲೇಟುಗಳಿಗೆ ಪೇಸ್ಟ್ ಹಾಕುವ ಸ್ವಯಂಚಾಲಿತ ಯಂತ್ರವೊಂದರ ಪೇಟೆಂಟ್ ಅರ್ಜಿ ಮತ್ತು ಅದಕ್ಕೆ ಬಂದ ಮೊದಲ ಪರಿಶೀಲನಾ ವರದಿಯ ಸಾರವನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಅರ್ಜಿಯನ್ನು ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಮಾತ್ರ ಸಲ್ಲಿಸಬಹುದಾದ್ದರಿಂದ ಈ ಕನ್ನಡಕ್ಕೆ ಕಾನೂನಿನ ಬಲವಿಲ್ಲ. ಯಂತ್ರ ಕಟ್ಟಿದವರು ಉತ್ತರಕ್ಕೆ ಒಪ್ಪಿಗೆ ಕೊಡುವ ಮೊದಲು ಓದಿ, ತಮ್ಮ ಯಂತ್ರದ ವರ್ಣನೆ ಸರಿಯಾಗಿದೆಯೇ ಎಂದು ಹೇಳಲು ಅನುಕೂಲವಾಗಲಿ ಎಂಬುದಷ್ಟೇ ಉದ್ದೇಶ.

ನಿಘಂಟಿನ ಪದಕ್ಕೆ ಪದ ಇಟ್ಟರೆ ಶೀರ್ಷಿಕೆ ‘ಸ್ವಯಂಚಾಲಿತ ಬ್ಯಾಟರಿ ಅಂಟು ಅರ್ಜಿ ಉಪಕರಣ’ ಎಂದಾಗುತ್ತದೆ! ಅಪ್ಲಿಕೇಶನ್ ಎಂಬ ಒಂದೇ ಮಾತು ಮೂರು ಕಡೆ ಮೂರು ಅರ್ಥದಲ್ಲಿ ಬಂದಿದೆ: ಸಲ್ಲಿಸುವ ಅರ್ಜಿ, ಪೇಸ್ಟ್ ಹಾಕುವ ಕ್ರಿಯೆ, ಕೈಗಾರಿಕೆಯಲ್ಲಿ ಬಳಕೆ. ಮೊದಲನೆಯದಕ್ಕೂ ಕೊನೆಯದಕ್ಕೂ ತೊಂದರೆಯಿಲ್ಲ. ನಡುವಿನದಕ್ಕೆ ಲೇಪನ, ಬಳಿಯುವಿಕೆ, ಹಚ್ಚುವಿಕೆ, ಮೆತ್ತುವಿಕೆ ಇವುಗಳಲ್ಲಿ ಯಾವುದು ಸರಿ? ಜೊತೆಗೆ ‘ಪೇಟೆಂಟ್ ಪರೀಕ್ಷೆ’ ಎನ್ನಬೇಕೋ ‘ಪರಿಶೀಲನೆ’ ಎನ್ನಬೇಕೋ? ‘ಪ್ರಯರ್ ಆರ್ಟ್’ಗೆ ‘ಪೂರ್ವಕಲೆ’, ‘ಪರ್ಸನ್ ಸ್ಕಿಲ್ಡ್ ಇನ್ ದಿ ಆರ್ಟ್’ಗೆ ‘ಕಲೆಯಲ್ಲಿ ನಿಪುಣನಾದ ವ್ಯಕ್ತಿ’ ಎಂಬ ಅನುವಾದಗಳನ್ನು ಕಂಡಿದ್ದೇನೆ. ಓದಿದವರಿಗೆ ನಾಟಕದ ಕಂಪನಿ ನೆನಪಾಗುತ್ತದೆಯೇ ಹೊರತು ಬ್ಯಾಟರಿ ಅಲ್ಲ.

ಉತ್ತರ 1: ಪ್ಲೇಟ್ ತಯಾರಿಕೆಯ ಕಡೆಯಿಂದ

ಪೇಸ್ಟನ್ನು ಪೇಸ್ಟ್ ಎಂದೇ ಬಿಡಿ. ‘ಅಂಟು’ ಖಂಡಿತ ಬೇಡ, ಏಕೆಂದರೆ ಅದು ಅಂಟಿಸಲು ಇರುವ ವಸ್ತುವಲ್ಲ. ಪ್ಲೇಟಿನಲ್ಲಿ ವಿದ್ಯುತ್ತಿನ ಕೆಲಸ ಮಾಡುವ ವಸ್ತುವೇ ಅದು. ಸೀಸದ ಆಕ್ಸೈಡ್ ಪುಡಿ (ಅದರಲ್ಲಿ ಸುಮಾರು 20–30% ಆಕ್ಸೈಡ್ ಆಗದೆ ಉಳಿದ ಸೀಸ), ನೀರು, ಸುಮಾರು 1.4 ಸಾಪೇಕ್ಷ ಸಾಂದ್ರತೆಯ ಗಂಧಕಾಮ್ಲ, ಗಿಡ್ಡ ಸಿಂಥೆಟಿಕ್ ನಾರು. ನೆಗೆಟಿವ್ ಪ್ಲೇಟಿನದಕ್ಕೆ ಇದರ ಮೇಲೆ ಬೇರಿಯಂ ಸಲ್ಫೇಟ್, ಲಿಗ್ನೋಸಲ್ಫೋನೇಟ್, ಕಾರ್ಬನ್ ಬ್ಲ್ಯಾಕ್ ಸೇರುತ್ತವೆ. ಮೊದಲು ಪುಡಿ ಮತ್ತು ನಾರು, ಆಮೇಲೆ ನೀರು, ಕೊನೆಗೆ ಆಮ್ಲವನ್ನು ನಿಧಾನವಾಗಿ ಬಿಡುತ್ತಾರೆ. ಆಮ್ಲ ಬಿದ್ದಂತೆ ಕಾವೇರುತ್ತದೆ. 70 ಡಿಗ್ರಿ ದಾಟಿತೆಂದರೆ ಹರಳಿನ ಜಾತಿಯೇ ಬದಲಾಗಿ ದಪ್ಪ ಹರಳು ಕಟ್ಟುತ್ತದೆ. ಹಾಗಾಗಿ ಮಿಕ್ಸರಿನ ಹೊರಕವಚದಲ್ಲಿ ತಣ್ಣೀರು ಹರಿಸುವುದು, ಗಾಳಿ ಎಳೆಯುವುದು ಎಲ್ಲ ಇರುತ್ತದೆ. ಪ್ಲೇಟಿನಲ್ಲಿ ಪೇಸ್ಟ್ ಗಟ್ಟಿಯಾಗಿ ನಿಲ್ಲುವುದು ಕ್ಯೂರಿಂಗ್ ಕೋಣೆಯಲ್ಲಿ (ಪ್ಲೇಟುಗಳನ್ನು ಬಿಸಿ, ತೇವದ ಗಾಳಿಯಲ್ಲಿ ಇಡುವ ಕೋಣೆ) ಹರಳುಗಳು ಒಂದಕ್ಕೊಂದು ಹೆಣೆದುಕೊಂಡಾಗ. ಅಂಟಿನ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. (ಹಳೆಯ ಟಾರ್ಚ್ ಸೆಲ್ಲುಗಳಲ್ಲಿ ಹಿಟ್ಟು, ಪಿಷ್ಟ ಬೇಯಿಸಿ ಮಾಡಿದ ಪೇಸ್ಟ್ ಇರುತ್ತಿತ್ತು, ಅದನ್ನು ಬೇಕಾದರೆ ಗಂಜಿ ಎನ್ನಿ. ಅದು ಬೇರೆಯೇ ಸಾಮಾನು.)

ಇನ್ನು ಕ್ರಿಯಾಪದ. ಕನ್ನಡದಲ್ಲಿ ಇದಕ್ಕೆ ಪದ ಕಡಿಮೆಯಿಲ್ಲ, ಹೆಚ್ಚಾಗಿರುವುದೇ ತೊಡಕು. ಸುಣ್ಣ ಬಳಿಯುತ್ತೇವೆ: ತೆಳು, ಮೇಲ್ಮೈ ಮಾತ್ರ. ಎಣ್ಣೆ ಸವರುತ್ತೇವೆ: ಇದ್ದೂ ಇಲ್ಲದಷ್ಟು. ಗೋಡೆಗೆ ಮಣ್ಣು ಮೆತ್ತುತ್ತೇವೆ: ದಪ್ಪ, ಒತ್ತಡ, ಸಂದುಗೊಂದಿನ ಒಳಕ್ಕೂ ಹೋಗುತ್ತದೆ. ಹಚ್ಚುವುದು ಎಲ್ಲಕ್ಕೂ ಆಗುತ್ತದೆ ನಿಜ, ಆದರೆ ಹಳ್ಳಿಯ ಕಡೆ ‘ಬ್ಯಾಟರಿ ಹಚ್ಚು’ ಎಂದರೆ ಟಾರ್ಚ್ ಹೊತ್ತಿಸು ಎಂದರ್ಥ. ಆ ಪದ ಇಲ್ಲಿ ಬೇಡ.

ಲೇಪನ ಏಕೆ ಸಲ್ಲದು ಎಂದರೆ, ಅದು ಲಿಥಿಯಂ-ಅಯಾನ್ ಸೆಲ್ಲಿನ ಕೆಲಸಕ್ಕೆ ಹೇಳಿ ಮಾಡಿಸಿದ ಪದ. ಅಲ್ಲಿ ತಾಮ್ರದ ಅಥವಾ ಅಲ್ಯೂಮಿನಿಯಂ ಹಾಳೆ ಸುಮಾರು 6–20 ಮೈಕ್ರಾನ್ ಮಾತ್ರ ದಪ್ಪ. ಅದರ ಮೇಲೆ ತೆಳ್ಳಗಿನ ಸ್ಲರಿಯನ್ನು ಸ್ಲಾಟ್ ಡೈ ಎಂಬ ಉದ್ದ ಸೀಳುಬಾಯಿಯಿಂದ ಒಂದೇ ಸಮನೆ ಹರಿಸುತ್ತಾರೆ. ಹಾಳೆಯಲ್ಲಿ ತೂತಿಲ್ಲ, ಪದರ ಮೇಲೆ ಕೂರುತ್ತದೆ. ಸೀಸದ ಪ್ಲೇಟಿನಲ್ಲಿ ಗ್ರಿಡ್ ಎಂಬುದು ಕಿಂಡಿಗಳ ಚೌಕಟ್ಟು. ಪೇಸ್ಟ್ ಆ ಕಿಂಡಿಗಳಲ್ಲಿ ತುಂಬಿ, ಗ್ರಿಡ್ಡೇ ಪೇಸ್ಟಿನೊಳಗೆ ಹೂತುಹೋಗುತ್ತದೆ. ಚರಿತ್ರೆಯಲ್ಲೂ ಈ ಎರಡು ಹಂತ ಕಾಣುತ್ತದೆ. 1881ರ ಸುಮಾರಿಗೆ ಕಾಮಿಲ್ ಫೋರ್ ಸೀಸದ ತಗಡಿನ ಮೇಲೆ ಪೇಸ್ಟ್ ಬಳಿದ, ಅದು ಉದುರುತ್ತಿತ್ತು. ಅದೇ ವರ್ಷದಲ್ಲೇ ತಗಡಿನ ಬದಲು ಕಿಂಡಿಯಿರುವ ಸೀಸಕ್ಕೆ ತುಂಬುವ ಉಪಾಯ ಬಂತು. ಬಳಿಯುವುದರಿಂದ ತುಂಬುವುದಕ್ಕೆ ಹೋದದ್ದೇ ಆ ಸುಧಾರಣೆ.

ಯಂತ್ರದೊಳಗೆ ನಡೆಯುವುದು ಒಂದೇ ಕ್ರಿಯೆಯಲ್ಲ ಎಂಬುದನ್ನೂ ಗಮನಿಸಿ. ಫೀಡರ್ ಗ್ರಿಡ್ಡುಗಳನ್ನು ಬೆಲ್ಟಿನ ಮೇಲೆ ಸಾಲಾಗಿ ಬಿಡುತ್ತದೆ. ಹಾಪರಿನೊಳಗಿನ (ಪೇಸ್ಟ್ ತುಂಬಿಡುವ ಬಾನಿಯೊಳಗಿನ) ಪ್ಯಾಡಲ್ಲು, ರೋಲರುಗಳು ಪೇಸ್ಟನ್ನು ಕೆಳಕ್ಕೆ ತಳ್ಳಿ ಕಿಂಡಿಗಳಿಗೆ ಒತ್ತಿ ತುಂಬುತ್ತವೆ. ಮುಂದೆ ಇನ್ನೊಂದು ರೋಲರ್ ಮೇಲ್ಮೈಯನ್ನು ಸವರಿ ಸಮ ಮಾಡುತ್ತದೆ. ಕೆಲವು ಯಂತ್ರಗಳಲ್ಲಿ ಮೇಲೂ ಕೆಳಗೂ ತೆಳು ಕಾಗದ ಅಂಟಿಕೊಳ್ಳುತ್ತದೆ. ಆಮೇಲೆ ಫ್ಲ್ಯಾಶ್ ಡ್ರೈಯರಿನಲ್ಲಿ ಹೊರಮೈ ಮಾತ್ರ ಆರುತ್ತದೆ. ಒಳಗೆ ಸುಮಾರು 9–11% ತೇವ ಉಳಿಯಬೇಕು. ಹೆಚ್ಚು ಉಳಿದರೆ ಅಟ್ಟಿ ಪೇರಿಸಿದ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತೀರ ಒಣಗಿದರೆ ಪೇಸ್ಟ್ ಬಿರಿಯುತ್ತದೆ, ಕ್ಯೂರಿಂಗಿನಲ್ಲಿ ಉಳಿದ ಸೀಸ ಆಕ್ಸೈಡ್ ಆಗಲು ನೀರೇ ಸಾಲದು. ಹಾಗಾಗಿ ಇಡೀ ಯಂತ್ರಕ್ಕೆ ‘ಪೇಸ್ಟ್ ಮೆತ್ತುವ ಯಂತ್ರ’ ಎನ್ನಿ. ಒಳಗಿನ ಹಂತಗಳಿಗೆ ಒತ್ತಿ ತುಂಬು, ಸವರಿ ಸಮಮಾಡು, ಹೊರಮೈ ಆರಿಸು ಎಂದು ಬೇರೆ ಬೇರೆ ಬರೆಯಿರಿ.

‘ಹದ’ ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ. ‘ಪೇಸ್ಟ್ ಹದ ತಪ್ಪಿದೆ’ ಎಂದರೆ ಆಪರೇಟರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಅಳೆಯುವಾಗ ಅದು ಎರಡು ಬೇರೆ ವಿಷಯ. ಗೊತ್ತಾದ ಗಾತ್ರದ ಬಟ್ಟಲಿಗೆ ತುಂಬಿ ತೂಗಿದರೆ ಸಿಗುವುದು ಸಾಂದ್ರತೆ, ಪಾಸಿಟಿವ್ ಪೇಸ್ಟಿಗೆ ಘನ ಸೆಂ.ಮೀ.ಗೆ 4.1–4.3 ಗ್ರಾಂ ಆಸುಪಾಸು. ಪೆನೆಟ್ರೋಮೀಟರ್ ಎಂಬ ಮೊನೆಯ ಉಪಕರಣ ಎಷ್ಟು ಆಳ ಇಳಿಯುತ್ತದೆಂದು ನೋಡಿದರೆ ಸಿಗುವುದು ಬಿಗಿ. ಸಾಂದ್ರತೆ ಸರಿಯಿದ್ದೂ ಬಿಗಿ ಏರಬಹುದು: ಲೈನು ನಿಂತಾಗ ಹಾಪರಿನಲ್ಲಿ ಕೂತ ಪೇಸ್ಟ್ ಬಿಗಿಯುತ್ತದೆ, ಮತ್ತೆ ಓಡಿಸಿದಾಗ ಪ್ಲೇಟಿನ ತೂಕ ಇಳಿಯುತ್ತದೆ, ಗ್ರಿಡ್ಡಿನ ಕೆಳಮೈಯ ಕಿಂಡಿಗಳು ಅರ್ಧಂಬರ್ಧ ತುಂಬುತ್ತವೆ. ಮೇಲಿನಿಂದ ನೋಡಿದರೆ ಪ್ಲೇಟ್ ಚೆನ್ನಾಗಿಯೇ ಕಾಣುತ್ತದೆ, ಮಗುಚಿ ನೋಡಬೇಕು. ಬೆಲ್ಟ್ ಸವೆದಿದ್ದರೂ ಇದೇ ಲಕ್ಷಣ. ನಿಮ್ಮ ಸಾರದಲ್ಲಿ ‘ಹದ’ ಎಂದು ಬರೆದರೆ ಯಾವ ಸೆನ್ಸರು ಯಾವುದನ್ನು ಅಳೆಯುತ್ತದೆ ಎಂಬುದೇ ಮರೆಯಾಗುತ್ತದೆ.

ಉತ್ತರ 2: ಪೇಟೆಂಟ್ ಕೆಲಸದ ಕಡೆಯಿಂದ

ಮೇಲಿನ ಉತ್ತರ ಯಂತ್ರದ ದೃಷ್ಟಿಯಿಂದ ಪೂರ್ತಿ ಸರಿ. ಆದರೆ ಹಕ್ಕುಕೋರಿಕೆಯ (ಕ್ಲೇಮ್, ಅಂದರೆ ಯಾವುದಕ್ಕೆ ಹಕ್ಕು ಬೇಕು ಎಂದು ಹೇಳುವ ಭಾಗ) ಅನುವಾದದಲ್ಲಿ ‘ಮೆತ್ತುವ’ ಎಂದು ಬರೆಯುವುದಕ್ಕೆ ನನ್ನ ತಕರಾರಿದೆ.

ಇಂಗ್ಲಿಷ್ ಮೂಲದಲ್ಲಿರುವುದು ‘ಅಪ್ಲಿಕೇಶನ್’ ಎಂಬ ಅಗಲವಾದ ಪದ. ಪರಿಶೀಲಕರು ಅದನ್ನು ಅಗಲವಾಗಿಯೇ ಓದುತ್ತಾರೆ. ಹಾಗಾಗಿ ಲಿಥಿಯಂ ಸೆಲ್ಲಿನ ಲೇಪನ ಯಂತ್ರದ ದಾಖಲೆಯನ್ನೂ ನಿಮ್ಮ ಅರ್ಜಿಯ ಎದುರು ಇಡಬಹುದು. ನೀವು ಕನ್ನಡದಲ್ಲಿ ‘ಮೆತ್ತುವ’ ಎಂದು ಬರೆದರೆ ಓದಿದವರು ‘ಅದು ಹಾಳೆಗೆ ಲೇಪಿಸುವ ಯಂತ್ರ, ನಮ್ಮದಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಕೇಳುತ್ತಾರೆ. ಸಂಬಂಧ ಬರೆದ ಪದದಿಂದಲೇ ಹುಟ್ಟಿದೆ, ಅದನ್ನು ಅನುವಾದ ಮುಚ್ಚಿಡಬಾರದು. ಹಕ್ಕುಕೋರಿಕೆಯಲ್ಲಿ ಬರಿಯ ‘ಪೇಸ್ಟ್ ಹಾಕುವ ಯಂತ್ರ’ ಎನ್ನಿ. ವರ್ಣನೆಯಲ್ಲಿ ‘ಒತ್ತಿ ತುಂಬು’ ಎನ್ನಿ. ಆಕ್ಷೇಪಕ್ಕೆ ಉತ್ತರವಾಗಿ ಕೋರಿಕೆಯನ್ನು ಕಿರಿದು ಮಾಡಿ ‘ಗ್ರಿಡ್ಡಿನ ಕಿಂಡಿಗಳಿಗೆ ಒತ್ತಿ ತುಂಬುವ’ ಎಂದು ತಿದ್ದಿದಾಗ ಮಾತ್ರ ಅಲ್ಲಿಯೂ ಆ ಪದ ಬರಲಿ; ಆಗ ಏನನ್ನು ಬಿಟ್ಟುಕೊಟ್ಟೆವು ಎಂಬುದು ಓದುಗರಿಗೆ ಕಾಣುತ್ತದೆ. ಹಾಗೆ ತಿದ್ದಲು ಮೂಲ ವಿವರಣೆಯಲ್ಲಿ ಆ ಮಾತು ಇದ್ದಿರಲೇಬೇಕು. 1970ರ ಪೇಟೆಂಟ್ ಕಾಯ್ದೆಯ 59ನೇ ಕಲಮಿನ ಪ್ರಕಾರ ತಿದ್ದುಪಡಿ ಹೊಸ ವಿಷಯ ಸೇರಿಸುವಂತಿಲ್ಲ, ಮೊದಲಿನ ಕೋರಿಕೆಯ ವ್ಯಾಪ್ತಿ ದಾಟುವಂತಿಲ್ಲ.

‘ಪರೀಕ್ಷೆ’ ಬೇಡ, ‘ಪರಿಶೀಲನೆ’ ಇರಲಿ. ಪರೀಕ್ಷೆ ಎಂದರೆ ಅಧಿಕಾರಿಗಳು ಬಂದು ಯಂತ್ರ ಓಡಿಸಿ ನೋಡುತ್ತಾರೆ ಎಂದು ಜನ ಕಾಯುತ್ತಾರೆ. ಇಲ್ಲಿ ನಡೆಯುವುದು ಕಾಗದದ ಮೇಲಿನ ಕೆಲಸ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರಿಶೀಲನೆ ತಾನಾಗಿ ಶುರುವಾಗುವುದಿಲ್ಲ, ನಮೂನೆ 18ರಲ್ಲಿ ಬೇರೆಯಾಗಿ ಕೋರಬೇಕು. ಈ ಗಡುವು ಮೊದಲು 48 ತಿಂಗಳಿತ್ತು, 2024ರ ಮಾರ್ಚಿನಲ್ಲಿ ಬಂದ ತಿದ್ದುಪಡಿಯಿಂದ ಹೊಸ ಅರ್ಜಿಗಳಿಗೆ 31 ತಿಂಗಳಾಗಿದೆ. ಮೊದಲ ವರದಿ ಬಂದ ಮೇಲೆ ಎಲ್ಲ ಆಕ್ಷೇಪಗಳನ್ನು ಪರಿಹರಿಸಲು 6 ತಿಂಗಳು. ಸುಮ್ಮನಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ.

‘ನಿಯಂತ್ರಕ’ದ ಗೊಂದಲ ನಿಮಗೆ ಇಷ್ಟರಲ್ಲೇ ಎದುರಾಗುತ್ತದೆ. ಆದೇಶ ಮಾಡುವ ಅಧಿಕಾರಿಯೂ ಕಂಟ್ರೋಲರ್, ರೋಲರ್ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಕಂಟ್ರೋಲರ್. ‘ನಿಯಂತ್ರಕರು ತೂಕದ ಸಂಕೇತವನ್ನು ಸ್ವೀಕರಿಸಿದರು’ ಎಂದು ಬರೆದು ನಗೆಪಾಟಲಾಗಬೇಡಿ. ಅಧಿಕಾರಿಗೆ ‘ಪೇಟೆಂಟ್ ಕಂಟ್ರೋಲರ್’, ಯಂತ್ರಕ್ಕೆ ‘ನಿಯಂತ್ರಣ ಘಟಕ’ ಎಂದು ಮೊದಲ ಪುಟದಲ್ಲೇ ಗೊತ್ತುಮಾಡಿ.

ಪೂರ್ವಕಲೆಗೆ ‘ಮೊದಲೇ ತಿಳಿದದ್ದು’, ಕಲೆಯಲ್ಲಿ ನಿಪುಣನಿಗೆ ‘ಆ ಕಸುಬು ಬಲ್ಲವರು’. ಕಸುಬು ಎಂಬ ಪದ ಇಲ್ಲಿ ಮೂಲಕ್ಕಿಂತ ಚೆನ್ನಾಗಿ ಕೂರುತ್ತದೆ ಎಂದೇ ನನ್ನ ಅಭಿಪ್ರಾಯ: ಹತ್ತು ವರ್ಷ ಲೈನಿನಲ್ಲಿ ಕೆಲಸ ಮಾಡಿದ, ಹೊಸದೇನನ್ನೂ ಕಂಡುಹಿಡಿಯದ, ಆದರೆ ಎಲ್ಲ ಗೊತ್ತಿರುವ ಒಬ್ಬರನ್ನು ಅದು ಕಣ್ಣಮುಂದೆ ನಿಲ್ಲಿಸುತ್ತದೆ. ಅಂಥವರಿಗೆ ‘ಇಷ್ಟು ನಮಗೂ ಹೊಳೆಯುತ್ತಿತ್ತು’ ಅನ್ನಿಸಿದರೆ ಪೇಟೆಂಟ್ ಇಲ್ಲ. ಹಾಗೆ ಹೊಳೆಯದಿರುವ ಗುಣವೇ ಕಾಯ್ದೆಯ ‘ಇನ್ವೆಂಟಿವ್ ಸ್ಟೆಪ್’ನ ತಿರುಳು. ‘ಆವಿಷ್ಕಾರದ ಹೆಜ್ಜೆ’ ಎಂದರೆ ಆವಿಷ್ಕಾರ ಮಾಡುವಾಗಿನ ಒಂದು ಹಂತ ಎಂಬ ಅರ್ಥ ಬರುತ್ತದೆ. ‘ಆವಿಷ್ಕಾರದ ಸತ್ವ’ ಎಂಬುದು ನನ್ನ ಸೂಚನೆ. ಅದಕ್ಕೆ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಅಥವಾ ಎರಡೂ ಇರಬೇಕು, ಜೊತೆಗೆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು.

‘ಸ್ವಯಂಚಾಲಿತ’ ಎಂಬ ಪದಕ್ಕೆ ಶೀರ್ಷಿಕೆಯಲ್ಲಿ ಇರುವ ತೂಕ ಪರಿಶೀಲನೆಯಲ್ಲಿ ಇಲ್ಲ. ಕೈಯಲ್ಲಿ ಮಾಡುತ್ತಿದ್ದುದನ್ನು ಮೋಟಾರಿಗೆ ಒಪ್ಪಿಸಿದರೆ ಅಷ್ಟರಿಂದಲೇ ಸತ್ವ ಬರುವುದಿಲ್ಲ. ಇಂಥ ಅರ್ಜಿಗಳಿಗೆ ಸಾಮಾನ್ಯವಾಗಿ ಬರುವ ಆಕ್ಷೇಪದ ಆಕಾರ ಹೀಗಿರುತ್ತದೆ: ಡಿ1 ದಾಖಲೆಯಲ್ಲಿ (ಪರಿಶೀಲಕರು ಎದುರಿಡುವ ಹಳೆಯ ದಾಖಲೆಗಳಿಗೆ ಡಿ1, ಡಿ2 ಎಂದು ಹೆಸರು) ಹಾಪರ್, ಬೆಲ್ಟ್, ರೋಲರ್ ಇವೆ, ಡಿ2ರಲ್ಲಿ ಪ್ಲೇಟ್ ತೂಗಿ ರೋಲರ್, ಬೆಲ್ಟಿನ ನಡುವಿನ ಸಂದನ್ನು ಸರಿಪಡಿಸುವ ಏರ್ಪಾಡಿದೆ, ಎರಡನ್ನೂ ಸೇರಿಸುವುದು ಯಾರಿಗಾದರೂ ಹೊಳೆಯುತ್ತದೆ. ಇದರ ಜೊತೆಗೆ, ಯಾವುದು ಆವಿಷ್ಕಾರವಲ್ಲ ಎಂದು ಹೇಳುವ ಕಾಯ್ದೆಯ 3(ಎಫ್) ಕಲಮನ್ನೂ ಹೇಳಬಹುದು. ಅದರ ಕನ್ನಡ: ‘ತಮ್ಮಷ್ಟಕ್ಕೆ ತಾವು, ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುವ, ಗೊತ್ತಿರುವ ಸಾಧನಗಳನ್ನು ಬರಿದೆ ಜೋಡಿಸುವುದು, ಮರುಜೋಡಿಸುವುದು ಅಥವಾ ಇಮ್ಮಡಿಸುವುದು’. ಇಲ್ಲಿ ‘ತಮ್ಮಷ್ಟಕ್ಕೆ ತಾವು’ ಎಂಬುದನ್ನು ಬಿಡಬೇಡಿ, ಉತ್ತರ ನಿಲ್ಲುವುದೇ ಅದರ ಮೇಲೆ. ತೂಕ ನೋಡಿ ತಿದ್ದುವ ಯಂತ್ರ ಪ್ಲೇಟ್ ಹೊರಬಂದ ಮೇಲೆ ತಿದ್ದುತ್ತದೆ. ಅಷ್ಟರಲ್ಲಿ ಹಿಂದಿನ ಪ್ಲೇಟುಗಳು ಹೋಗಿಬಿಟ್ಟಿರುತ್ತವೆ. ಪ್ಯಾಡಲ್ ಮೋಟಾರಿನ ಕರೆಂಟಿನಿಂದ ಪೇಸ್ಟಿನ ಬಿಗಿಯನ್ನು ತಿಳಿದು, ಪ್ಲೇಟ್ ರೋಲರಿಗೆ ಬರುವ ಮುಂಚೆಯೇ ಸಂದು ಬದಲಿಸುವುದಾದರೆ ಪ್ಯಾಡಲ್ಲೂ ರೋಲರೂ ತಮ್ಮಷ್ಟಕ್ಕೆ ತಾವು ಇಲ್ಲ, ಒಂದರ ಕೆಲಸ ಇನ್ನೊಂದನ್ನು ನಡೆಸುತ್ತಿದೆ ಎಂದು ವಾದಿಸಬಹುದು. ಹಿಂದಿನ ಉತ್ತರದವರು ಸಾಂದ್ರತೆ, ಬಿಗಿ ಬೇರೆ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

‘ವರ್ಕ್‌ಶಾಪ್ ಇಂಪ್ರೂವ್‌ಮೆಂಟ್’ ಎಂಬ ಮಾತು ವರದಿಯಲ್ಲಿದ್ದರೆ ಅದನ್ನು ಹೊಗಳಿಕೆಯಂತೆ ಅನುವಾದಿಸಬೇಡಿ. ಪಾತ್ರೆಗಳನ್ನು ಲೇತಿಗೆ ಹಿಡಿಸುವ ವಿಧಾನದ ಪೇಟೆಂಟನ್ನು ಕುರಿತ ವಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಮೊಕದ್ದಮೆಯಲ್ಲಿ, 1978ರಲ್ಲಿ, ಸುಪ್ರೀಂ ಕೋರ್ಟ್ ಬರಿಯ ವರ್ಕ್‌ಶಾಪ್ ಸುಧಾರಣೆಗೆ ಪೇಟೆಂಟ್ ಸಲ್ಲದು ಎಂದಿತು. ‘ಕೆಲಸ ಮಾಡುತ್ತಾ ತಾನಾಗಿ ಆಗುವ ಸುಧಾರಣೆ’ ಎಂದರೆ ಅರ್ಥ ನೆಟ್ಟಗಿರುತ್ತದೆ.

ಮರುಪ್ರಶ್ನೆ

ಇಬ್ಬರಿಗೂ ವಂದನೆ. ಎರಡು ಉಳಿದಿವೆ. ಹಕ್ಕುಕೋರಿಕೆ ಇಡೀ ಒಂದೇ ವಾಕ್ಯ. ಕನ್ನಡದಲ್ಲಿ ‘ಯಂತ್ರ’ ಎಂಬ ಪದ ಹನ್ನೆರಡು ಸಾಲು ಕಳೆದು ಕೊನೆಗೆ ಬರುತ್ತದೆ. ಇನ್ನೊಂದು, ವರ್ಗಸಂಖ್ಯೆ (ಪೇಟೆಂಟ್ ವಿಷಯಗಳ ಅಂತರರಾಷ್ಟ್ರೀಯ ವರ್ಗೀಕರಣದ ಸಂಕೇತ) ಎಚ್01ಎಂ 4/20 ಎಂದಿದೆ, ಅದನ್ನು ಏನು ಮಾಡಲಿ?

ಉತ್ತರ 2ರವರಿಂದ

ವರ್ಗಸಂಖ್ಯೆಯನ್ನು ಹಾಗೆಯೇ ಇಡಿ. ಪಕ್ಕದಲ್ಲಿ ‘ಪೇಸ್ಟ್ ತುಂಬಿದ ಎಲೆಕ್ಟ್ರೋಡುಗಳ ತಯಾರಿಕೆ’ ಎಂದು ಬರೆದರೆ ಸಾಕು. 4/21 ಬಂದರೆ ಅವನ್ನು ಒಣಗಿಸುವುದು. ಬಿ05ಸಿ ಎಂದಿದ್ದರೆ ದ್ರವ ಪದಾರ್ಥಗಳನ್ನು ಮೇಲ್ಮೈಗಳಿಗೆ ಹಾಕುವ ಸಾಮಾನ್ಯ ಯಂತ್ರಗಳು. ಪರಿಶೀಲಕರು ಬ್ಯಾಟರಿಯ ಆಚೆಗೂ ಹುಡುಕಿದ್ದಾರೆ ಎಂಬ ಸುಳಿವು ಅದು.

ವಾಕ್ಯಕ್ಕೆ, ಯಂತ್ರದ ಹೆಸರನ್ನು ಮೊದಲು ಇಟ್ಟು ಒಡೆಯಿರಿ. ‘ಪೇಸ್ಟ್ ಹಾಕುವ ಯಂತ್ರ. ಇದರಲ್ಲಿ ಇರಲೇಬೇಕಾದ ಭಾಗಗಳು: ಗ್ರಿಡ್ಡುಗಳನ್ನು ಒಂದರ ಹಿಂದೊಂದು ಸಾಗಿಸುವ ಬೆಲ್ಟ್ (10), ಸದರಿ ಬೆಲ್ಟಿನ ಮೇಲೆ ನಿಂತ, ಒಳಗೆ ಪ್ಯಾಡಲ್ (14) ಇರುವ ಹಾಪರ್ (12), ಸದರಿ ಪ್ಯಾಡಲ್ಲಿನ ಮೋಟಾರು ಎಳೆಯುವ ಕರೆಂಟನ್ನು ಅಳೆಯುವ ಸೆನ್ಸರ್ (16), ಸದರಿ ಅಳತೆಗೆ ತಕ್ಕಂತೆ ರೋಲರ್ (18) ಮತ್ತು ಬೆಲ್ಟಿನ ನಡುವಿನ ಸಂದನ್ನು ಹೆಚ್ಚು ಕಡಿಮೆ ಮಾಡುವ ನಿಯಂತ್ರಣ ಘಟಕ (20).’ ಸಂಖ್ಯೆಗಳು ಚಿತ್ರದಲ್ಲಿರುವಂತೆಯೇ ಇರಲಿ. ಪದದ ಬಗ್ಗೆ ಅನುಮಾನ ಬಂದವರು ಚಿತ್ರದ ಮೇಲೆ ಬೆರಳಿಟ್ಟು ನೋಡಬಹುದು. ಕಚೇರಿ ಕನ್ನಡದ ‘ಸದರಿ’ ಬೇರೆ ಕಡೆ ಕಿರಿಕಿರಿಯಾದರೂ ಇಲ್ಲಿ ಅದಕ್ಕೆ ಕೆಲಸವಿದೆ, ಮೇಲೆ ಹೇಳಿದ ಅದೇ ಬೆಲ್ಟು, ಬೇರೆಯದಲ್ಲ ಎಂದು ತೋರಿಸುತ್ತದೆ. ‘ಇರಲೇಬೇಕಾದ’ ಎಂದಿದ್ದೇನೆ, ‘ಇರುವ ಭಾಗಗಳು ಇವಿಷ್ಟು’ ಎಂದಿಲ್ಲ. ಇವಿಷ್ಟು ಎಂದರೆ, ಯಾರಾದರೂ ಒಂದು ಕಾಗದದ ಸುರುಳಿ ಹೆಚ್ಚಿಗೆ ಸೇರಿಸಿದ ಕೂಡಲೇ ಅವರ ಯಂತ್ರ ನಿಮ್ಮ ಕೋರಿಕೆಯಿಂದ ಹೊರಗೆ ಹೋಗುತ್ತದೆ.