ಹೋಂಸ್ಟೇ ಬೋರ್ಡಿನ ‘ಕಾಂಪ್ಲಿಮೆಂಟರಿ’ಗೆ ಐ ಬರಬೇಕಾ, ಇ ಬರಬೇಕಾ?

ಕಕ್ಕಬೆ_ಹೋಂಸ್ಟೇ:
ನಾಪೋಕ್ಲು–ಕಕ್ಕಬೆ ರಸ್ತೆ ಬದಿಗೆ ಆರಡಿ ಉದ್ದ, ಮೂರಡಿ ಎತ್ತರದ ಫ್ಲೆಕ್ಸ್ ಬೋರ್ಡು ಹಾಕಿಸಬೇಕು. ಅದರಲ್ಲಿ ಇಂಗ್ಲಿಷಿನಲ್ಲಿ ‘ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್’ ಅಂತ ಒಂದು ಸಾಲು. ನಾವು ಬರೆದುಕೊಟ್ಟಿದ್ದರಲ್ಲಿ ‘ಪಿ-ಎಲ್’ ಆದ ಮೇಲೆ ‘ಐ’ (i) ಇತ್ತು, ಬಂದಿರುವ ಪ್ರೂಫ್‌ನಲ್ಲಿ ‘ಇ’ (e) ಇದೆ. ಪ್ರಿಂಟಿಂಗ್‌ನವರನ್ನು ಕೇಳಿದರೆ ‘ಎರಡೂ ಡಿಕ್ಷನರಿಯಲ್ಲಿದೆ, ಕಂಪ್ಯೂಟರ್ ಕೆಂಪು ಗೆರೆ ಹಾಕ್ತಾ ಇಲ್ಲ’ ಅಂತಾರೆ. ಅರ್ಥ ಒಂದೇನಾ, ಬೇರೆನಾ? ಮೆನು ಕಾರ್ಡಿನಲ್ಲಿ ಪಂದಿಕರಿ (ಹಂದಿ ಮಾಂಸದ ಸಾರು)–ಕಡಂಬುಟ್ಟು (ಅಕ್ಕಿ ಕಡುಬು) ಬಗ್ಗೆ ಬರೆದ ಸಾಲಿನಲ್ಲೂ ಇದೇ ಪದ ಇದೆ. ಅಲ್ಲಿ ಯಾವುದು?

ವಿರಾಜಪೇಟೆ_ಮೇಷ್ಟ್ರು:
ಬೋರ್ಡಿಗೆ ಐ, ಮೆನುವಿಗೆ ಇ. ಪ್ರೂಫ್ ವಾಪಸ್ ಕಳಿಸಿ.

ಎರಡೂ ಡಿಕ್ಷನರಿಯಲ್ಲಿವೆ ಅನ್ನೋದು ನಿಜ, ಆದರೆ ಎರಡು ಬೇರೆ ಬೇರೆ ಪದಗಳಾಗಿ ಇವೆ. ಹದಿಮೂರು ಅಕ್ಷರದಲ್ಲಿ ವ್ಯತ್ಯಾಸ ಆರನೆಯದರಲ್ಲಿ ಮಾತ್ರ, ಅದಕ್ಕೇ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಐ ಇರುವ ‘ಕಾಂಪ್ಲಿಮೆಂಟ್’ ಅಂದರೆ ಮೆಚ್ಚುಗೆಯ ಮಾತು. ಅದರಿಂದ ಆದ ಕಾಂಪ್ಲಿಮೆಂಟರಿಗೆ ಎರಡು ಅರ್ಥ: ಹೊಗಳುವಂಥದ್ದು, ಇಲ್ಲವೇ ಮರ್ಯಾದೆಗೆ ಅಂತ ದುಡ್ಡು ತಗೊಳ್ಳದೆ ಕೊಡುವಂಥದ್ದು. ಪುಸ್ತಕದ ಮೇಲೆ ‘ಗೌರವ ಪ್ರತಿ’ ಅಂತ ಮುದ್ರೆ ಒತ್ತಿ ಕಳಿಸುತ್ತಾರಲ್ಲ, ಇಂಗ್ಲಿಷಿನವರಿಗೆ ಅದು ಕಾಂಪ್ಲಿಮೆಂಟರಿ ಕಾಪಿ. ಹೋಟೆಲಿನ ತಿಂಡಿ, ವೆಲ್‌ಕಮ್ ಡ್ರಿಂಕ್, ನಾಟಕದ ಪಾಸು ಎಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಇ ಇರುವುದು ಪೂರಕ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿಕೊಟ್ಟು, ಎರಡೂ ಸೇರಿ ಪೂರ್ತಿ ಆಗಬೇಕು. ಇದಕ್ಕೆ ನಿಮ್ಮ ಮೆನುವಿಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಅಕ್ಕಿ ತರಿಯ ಕಡಂಬುಟ್ಟು ಹಬೆಯಲ್ಲಿ ಬೆಂದದ್ದು, ಸಪ್ಪೆ. ಪಂದಿಕರಿಯಲ್ಲಿ ಕಾಳುಮೆಣಸಿನ ಖಾರ, ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ, ಕೊಬ್ಬಿನ ಜಿಡ್ಡು ಎಲ್ಲ ಇದೆ, ಅದನ್ನು ಹೀರಿಕೊಳ್ಳುವ ಆಧಾರ ಮಾತ್ರ ಇಲ್ಲ. ಕರಿಯ ಒಳಗೇ ನೋಡಿದರೂ ಕೊಬ್ಬಿಗೆ ಕಾಚಂಪುಳಿ ಪೂರಕ. ‘ಕಡಂಬುಟ್ಟು ಕಾಂಪ್ಲಿಮೆಂಟ್ಸ್ ಪಂದಿಕರಿ’ ಅನ್ನೋ ಸಾಲಿಗೆ ಇ ಹಾಕಿದರೆ ಜೋಡಿ ಸರಿಹೋಯಿತು ಅಂತ. ಐ ಹಾಕಿದರೆ ಕಡಂಬುಟ್ಟು ತಟ್ಟೆಯಲ್ಲಿ ಕೂತು ಪಂದಿಕರಿಯನ್ನು ಹೊಗಳುತ್ತಿದೆ ಅಂತ.

ಅನುಮಾನ ಬಂದಾಗ ಇಂಗ್ಲಿಷ್ ಪದ ತೆಗೆದು ಕನ್ನಡದ್ದು ಇಟ್ಟು ನೋಡಿ. ‘ಪೂರಕ’ ಕೂತರೆ ಇ. ‘ಗೌರವದ’, ‘ಪುಕ್ಕಟೆ’, ‘ಮೆಚ್ಚುಗೆಯ’ ಕೂತರೆ ಐ. ‘ಪೂರಕ ಬೆಳಗಿನ ತಿಂಡಿ’ ಅಂತ ಹೇಳಿ ನೋಡಿ, ಹೇಳುವಾಗಲೇ ಎಡವುತ್ತದೆ.

ಗೋಣಿಕೊಪ್ಪ_72:
ಕನ್ನಡದಲ್ಲಿ ಬರೆಯುವಾಗ ಪ್ಲಿ, ಪ್ಲೆ ಅಂತ ಬೇರೆ ಮಾಡಿದರೆ ಆಯ್ತಲ್ಲ? ಮಾತಿನಲ್ಲೂ ಹಾಗೇ ಹೇಳಿದರೆ ಗೊಂದಲ ಇರಲ್ಲ.

ವಿರಾಜಪೇಟೆ_ಮೇಷ್ಟ್ರು:
ಆಗಲ್ಲ. ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತವೆ, ನಡುವಿನ ಸ್ವರಕ್ಕೆ ಒತ್ತು ಇಲ್ಲದ್ದರಿಂದ ಅದು ಅರ್ಧಕ್ಕೆ ನುಂಗಿಹೋಗುತ್ತದೆ. ನೀವು ಬಾಯಿ ಅಗಲಿಸಿ ‘ಪ್ಲೆ’ ಅಂದರೆ ಎದುರಿನವರಿಗೆ ವ್ಯತ್ಯಾಸ ತಲುಪಲ್ಲ, ಉಚ್ಚಾರ ವಿಚಿತ್ರ ಅನ್ನಿಸುತ್ತದೆ ಅಷ್ಟೇ. ಮಾತಿನಲ್ಲಿ ಅರ್ಥ ಸಂದರ್ಭದಿಂದ ಗೊತ್ತಾಗುತ್ತದೆ. ತೊಂದರೆ ಇರೋದು ಬರಹದಲ್ಲಿ.

ಇಷ್ಟು ಹತ್ತಿರ ಯಾಕೆ ಅಂದರೆ ಎರಡರ ಬೇರೂ ಒಂದೇ, ‘ತುಂಬು’ ಅನ್ನೋ ಅರ್ಥದ ಲ್ಯಾಟಿನ್ ಧಾತು. ‘ಕಂಪ್ಲೀಟ್’ ಕೂಡ ಅದರದ್ದೇ ಮರಿ. ಶಿಷ್ಟಾಚಾರ ಪೂರೈಸುವುದು ಅನ್ನುವಲ್ಲಿಂದ ಹೊಗಳಿಕೆಯ ಅರ್ಥ ಕವಲೊಡೆಯಿತು. 17ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಐ ರೂಪ ಇಂಗ್ಲಿಷಿಗೆ ಬಂದು ಆ ಅರ್ಥವನ್ನು ವಹಿಸಿಕೊಂಡಿತು. ಅದಕ್ಕಿಂತ ಹಿಂದೆ ಹೊಗಳಿಕೆಗೂ ಇ ಬರೆಯುತ್ತಿದ್ದರು. ನೆನಪಿಗೆ ಒಂದು ಗುರುತು: ಕಂಪ್ಲೀಟ್‌ನಲ್ಲಿ ‘ಪಿ-ಎಲ್’ ಆದ ಮೇಲೆ ಇ ಇದೆ. ಕಂಪ್ಲೀಟ್ ಮಾಡುವ ಪದಕ್ಕೂ ಅದೇ ಇ.

ಲೆಕ್ಕದ_ಟೀಚರ್:
‘ಪೂರಕ’ ಇಟ್ಟು ನೋಡಿ ಅನ್ನೋದು ಒಳ್ಳೆ ಉಪಾಯ, ಆದರೆ ಅಲ್ಲೊಂದು ಗುಂಡಿ ಇದೆ ಮೇಷ್ಟ್ರೇ. ಕನ್ನಡದಲ್ಲಿ ‘ಸಪ್ಲಿಮೆಂಟರಿ’ಗೂ ನಾವು ಪೂರಕ ಅಂತೀವಿ. ಫೇಲಾದವರು ಬರೆಯುವ ಪೂರಕ ಪರೀಕ್ಷೆ ಸಪ್ಲಿಮೆಂಟರಿ. ಮಗುವಿಗೆ 6 ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಶುರು ಮಾಡುವ ಪೂರಕ ಆಹಾರ ಇ ಇರುವ ಕಾಂಪ್ಲಿಮೆಂಟರಿ ಫೀಡಿಂಗ್. ಒಂದೇ ಕನ್ನಡ ಪದ, ಎರಡು ಇಂಗ್ಲಿಷ್ ಪದ. ಸಪ್ಲಿಮೆಂಟ್ ಇದ್ದದ್ದರ ಮೇಲೆ ಹೆಚ್ಚಿಗೆ ಸೇರಿಸುವುದು, ಕಾಂಪ್ಲಿಮೆಂಟ್ ಕೊರತೆ ತುಂಬಿ ಪೂರ್ತಿ ಮಾಡುವುದು.

ಗಣಿತದವರು ಇದನ್ನು ಬಿಗಿಯಾಗಿ ಹಿಡಿದಿದ್ದಾರೆ. ಎರಡು ಕೋನ ಸೇರಿ 90 ಡಿಗ್ರಿ ಆದರೆ ಪೂರಕ ಕೋನಗಳು, ಇ. 180 ಆದರೆ ಪರಿಪೂರಕ, ಸಪ್ಲಿಮೆಂಟರಿ. 35ಕ್ಕೆ ಪೂರಕ 55, ಪರಿಪೂರಕ 145. ಅರ್ಥಶಾಸ್ತ್ರದಲ್ಲಿ ಕಾಫಿ ಮತ್ತು ಹಾಲು ಪೂರಕ ಸರಕು, ಅಲ್ಲೂ ಇ. ಕಾಫಿ ಮತ್ತು ಟೀ ಪರ್ಯಾಯ ಸರಕು. ಪಾಠದಲ್ಲಿ ಐ ಬರುವ ಜಾಗ ಇಂಗ್ಲಿಷ್ ಪತ್ರಲೇಖನ: ಕೊನೆಗೆ ಬರೆಯುವ ‘ಯುವರ್ಸ್ ಫೇತ್‌ಫುಲಿ’ಯ ಹೆಸರು ಕಾಂಪ್ಲಿಮೆಂಟರಿ ಕ್ಲೋಸ್. ಪತ್ರ ಮುಗಿಸುವ ಸಾಲು ಅಲ್ವಾ ಅಂತ ಮಕ್ಕಳು ಇ ಹಾಕುತ್ತಾರೆ. ಅದು ಮರ್ಯಾದೆಯ ಮಾತು, ಐ.

ಗೋಣಿಕೊಪ್ಪ_72:
ಹಾಗಾದರೆ ಅರೇಬಿಕಾ ಕಾಫಿಗೆ ರೋಬಸ್ಟಾ ಕಾಫಿ? ಕಾಫಿಪುಡಿಗೆ ಬೆರೆಸುವ ಚಿಕೋರಿ?

ಲೆಕ್ಕದ_ಟೀಚರ್:
ಅರೇಬಿಕಾದ ಪರಿಮಳಕ್ಕೆ ರೋಬಸ್ಟಾದ ಗಟ್ಟಿತನ ಇ ಕಾಂಪ್ಲಿಮೆಂಟ್, ತಕರಾರಿಲ್ಲ. ಚಿಕೋರಿ ನನ್ನ ಪ್ರಕಾರ ಸಪ್ಲಿಮೆಂಟ್, ಹೊರಗಿನಿಂದ ಸೇರಿಸಿದ್ದು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51%ಗಿಂತ ಕಡಿಮೆ ಇರಬಾರದು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಡಿಕಾಕ್ಷನ್ ಚಿಕೋರಿ ಇದ್ದರೇ ಪೂರ್ತಿ ಅನ್ನುವವರು ಇ ಹಾಕಿಕೊಳ್ಳಲಿ, ಆ ಜಗಳ ಇಲ್ಲಿ ಬೇಡ.

ಫ್ಲೆಕ್ಸ್_ಕುಶಾಲನಗರ:
ಕೆಂಪು ಗೆರೆ ಬರದಿದ್ದರೆ ಕಾಗುಣಿತ ಸರಿ ಅಂತ ಮಾತ್ರ, ಪದ ಸರಿ ಅಂತ ಅಲ್ಲ. ಎರಡೂ ಸರಿಯಾದ ಪದಗಳೇ ಆದ್ದರಿಂದ ಹೆಚ್ಚಿನ ಸ್ಪೆಲ್‌ಚೆಕ್‌ಗಳು ಸುಮ್ಮನಿರುತ್ತವೆ. ಮೆನು ಫೈಲ್‌ನಲ್ಲಿ ಕಂಟ್ರೋಲ್-ಎಫ್ ಒತ್ತಿ ಪದದ ಮೊದಲ ಐದು ಅಕ್ಷರ ಮಾತ್ರ ಹುಡುಕಿ, ಸಿಕ್ಕಿದ ಪ್ರತಿಯೊಂದನ್ನೂ ಕಣ್ಣಿನಿಂದ ನೋಡಿ. ಒಟ್ಟಿಗೆ ರಿಪ್ಲೇಸ್ ಕೊಡಬೇಡಿ, ಸರಿ ಇದ್ದದ್ದೂ ಕೆಡುತ್ತದೆ.

ಈ ಪರಿಶೀಲನೆ ಎಲ್ಲ ಅಕ್ಷರಗಳನ್ನು ಕರ್ವ್ ಮಾಡುವ ಮೊದಲೇ ಆಗಬೇಕು. ಬೋರ್ಡ್ ಡಿಸೈನ್ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಒಮ್ಮೆ ಕರ್ವ್ ಆದರೆ ಅದು ಅಕ್ಷರ ಅಲ್ಲ, ಚಿತ್ರ. ಹುಡುಕಲೂ ಆಗಲ್ಲ, ತಿದ್ದಲೂ ಆಗಲ್ಲ.

ಅಕಸ್ಮಾತ್ ತಪ್ಪು ಪ್ರಿಂಟ್ ಆಗಿಬಿಟ್ಟರೆ ಇ ಮೇಲೆ ಒಂದು ಐ ವಿನೈಲ್ ತುಂಡು ಅಂಟಿಸಿ ಮುಗಿಸಬೇಡಿ. ಐ ಸಪೂರ, ಇ ಅಗಲ. ಪದದ ನಡುವೆ ಹಲ್ಲು ಬಿದ್ದ ಹಾಗೆ ಸಂದಿ ಉಳಿಯುತ್ತದೆ. ಜೊತೆಗೆ ನಮ್ಮ ಮಳೆಗಾಲದಲ್ಲಿ ಸಣ್ಣ ತುಂಡಿನ ಅಂಚು ಬೇಗ ಏಳುತ್ತದೆ. ಹಿನ್ನೆಲೆಯ ಬಣ್ಣದ್ದೇ ಪಟ್ಟಿಯ ಮೇಲೆ ಇಡೀ ಪದವನ್ನು ಹೊಸದಾಗಿ ಪ್ರಿಂಟ್ ಮಾಡಿಸಿ ಅಂಟಿಸಿ.

ಸಿದ್ದಾಪುರ_ಸ್ಟೇ:
ಅಕ್ಷರ ಬಿಡಿ, ಆ ಪದವೇ ಬೋರ್ಡಿಗೆ ಬೇಕಾ ಯೋಚಿಸಿ. ತಿಂಡಿಯ ದುಡ್ಡು ರೂಮಿನ ರೇಟಿನೊಳಗೇ ಇದ್ದರೆ ಅದು ‘ಇನ್‌ಕ್ಲೂಡೆಡ್’. ಹೋಟೆಲಿನವರ ಲೆಕ್ಕದಲ್ಲಿ ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ರೂಮು ಮತ್ತು ತಿಂಡಿ, ಎಂಎಪಿ ಅಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಅಂದರೆ ಮೂರು ಹೊತ್ತೂ. ಸಿಪಿ ರೇಟು ಹೇಳಿ ಬೋರ್ಡಿನಲ್ಲಿ ‘ಕಾಂಪ್ಲಿಮೆಂಟರಿ’ ಅಂದರೆ, ಬೆಳಿಗ್ಗೆ ಐದಕ್ಕೇ ತಡಿಯಂಡಮೋಳ್ ಬೆಟ್ಟ ಹತ್ತಲು ಹೊರಟವರು ‘ತಿಂಡಿ ತಿಂದಿಲ್ಲ, ಕಮ್ಮಿ ಮಾಡಿ’ ಅಂದಾಗ ನಿಮ್ಮ ಉತ್ತರ ಗೊಂದಲ. ಪುಕ್ಕಟೆ ಕೊಟ್ಟದ್ದಕ್ಕೆ ಕಡಿತ ಇಲ್ಲ ಅನ್ನಬಹುದು, ಆದರೆ ಇಪಿ ರೇಟು ಬೇರೆ ಇದೆ ಅಂತ ಅವರಿಗೆ ಗೊತ್ತಾದರೆ ವಾದ ನಿಲ್ಲಲ್ಲ. ರೇಟಿನೊಳಗಿನದಕ್ಕೆ ‘ಇನ್‌ಕ್ಲೂಡೆಡ್’, ನಿಜವಾಗಿ ಪುಕ್ಕಟೆ ಕೊಡುವುದಕ್ಕೆ ಮಾತ್ರ ಐ ಪದ ಇಟ್ಟುಕೊಳ್ಳಿ.

ಕಕ್ಕಬೆ_ಹೋಂಸ್ಟೇ:
ಸರಿ, ತಿಂಡಿ ನಮ್ಮ ರೇಟಿನೊಳಗೇ ಇದೆ. ಬೋರ್ಡಿಗೆ ‘ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್’ ಅಂತ ಬದಲಾಯಿಸಿದೆ. ಬಂದ ಕೂಡಲೇ ಕೊಡುವ ಕಾಫಿಗೆ ಪುಸ್ತಿಕೆಯಲ್ಲಿ ಐ, ಮೆನುವಿನ ಕಡಂಬುಟ್ಟಿಗೆ ಇ. ಪ್ರೂಫ್ ವಾಪಸ್ ಕಳಿಸಿದ್ದೇನೆ. ಇನ್ನೊಂದು: ವೆಬ್‌ಸೈಟಿನಲ್ಲಿ ‘ಫುಲ್ ಕಾಂಪ್ಲಿಮೆಂಟ್ ಆಫ್ ಸ್ಟಾಫ್’ ಅಂತ ಇದೆ, ಐ ಹಾಕಿದ್ದಾರೆ.

ವಿರಾಜಪೇಟೆ_ಮೇಷ್ಟ್ರು:
ಅದು ಇ. ಇರಬೇಕಾದಷ್ಟು ಜನ ಪೂರ್ತಿ ಇದ್ದಾರೆ ಅಂತ ಅರ್ಥ. ಈಗಿರುವ ಹಾಗೆ ಓದಿದರೆ ಕೆಲಸದವರೆಲ್ಲ ಸೇರಿ ಯಾರನ್ನೋ ಹೊಗಳುತ್ತಿದ್ದಾರೆ.