ಗಣಿ ಕಾಯೋದು ಬರೀ ಅಧಿಕಾರಿಗಳ ಕೆಲಸಾನಾ?

ಮಡಗಾಂವ ಸುಮಾ: ಗೋವಾದಲ್ಲಿ ಹರಾಜಾದ ಗಣಿಗಳು ಒಂದೊಂದಾಗಿ ಮತ್ತೆ ಶುರುವಾಗುತ್ತಿವೆ. ಕೇಪೆ, ಸಾಂಗೆ ಕಡೆಯ ಗಾವಡಾ, ವೇಳಿಪ ಬುಡಕಟ್ಟು ಜನರನ್ನು ಒಂದು ದಿನದ ಅಹವಾಲು ಸಭೆಗೆ ಕರೆದರೆ ಸಾಕಾ? ಗಣಿ ನಡೆಯುವಷ್ಟು ದಿನವೂ ಉಸ್ತುವಾರಿಯಲ್ಲಿ ಅವರು ಇರಬೇಡವಾ? ಇಲ್ಲಿರುವ ನಮ್ಮ ಕನ್ನಡದವರು ಏನಂತೀರಿ?

ಸಾವರ್ಡೆ ಲಾರಿ: ಅಕ್ಕಾ, ಮೊದಲು ಗಣಿ ನಡೆಯಲಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಲೀಸ್ ರದ್ದು ಮಾಡಿತು, ಮಾರ್ಚ್‌ನಿಂದ ಎಲ್ಲ ಬಂದ್. ನಿಂತ ಲಾರಿಯ ಟೈರ್ ಸುತ್ತ ಹುಲ್ಲು ಬೆಳೆಯಿತು, ಕಂತು ಮಾತ್ರ ನಿಲ್ಲಲಿಲ್ಲ. ಊರವರನ್ನೂ ಕೂರಿಸಿದರೆ ದಿನಾ ಒಂದು ತಕರಾರು.

ಫೋಂಡಾ ಮೇಷ್ಟ್ರು: ಗಣಿ ನಿಂತಿದ್ದು ಊರವರ ತಕರಾರಿಗಾ ಅಣ್ಣಾ? 2012ರಲ್ಲಿ, ಅಕ್ರಮ ಗಣಿಗಾರಿಕೆ ತನಿಖೆಗೆ ಕೇಂದ್ರ ನೇಮಿಸಿದ್ದ ಶಾ ಆಯೋಗ ಅಕ್ರಮಗಳನ್ನು ಎತ್ತಿ ತೋರಿಸಿತು, ಆ ವರ್ಷವೇ ಒಮ್ಮೆ ಬಾಗಿಲು ಬಿತ್ತು. ಕಾಯಬೇಕಾದವರು ಕಾಯಲಿಲ್ಲ, ಅಷ್ಟೇ.

ಸಾಂಗೆ ಕಿರಾಣಿ: ನಮ್ಮ ಅಂಗಡಿ ಅದಿರು ರಸ್ತೆಯ ಪಕ್ಕ. ಸಾಹೇಬರು ಬರುವ ದಿನ ಟ್ಯಾಂಕರ್ ಎರಡು ಸಲ ನೀರು ಹೊಡೆಯುತ್ತಿತ್ತು. ಉಳಿದ ದಿನ ಬಿಸ್ಕತ್ ಡಬ್ಬಿಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಹಿಂದಿನ ಮನೆಯ ವೇಳಿಪ ಅಜ್ಜಿ ಒಂದು ಮಳೆಗಾಲ ಗದ್ದೆಯಿಂದ, ಗಣಿ ಕಡೆಯಿಂದ ಹರಿದು ಬಂದ ಹಿಡಿ ಹೂಳು ತಂದು ಕಟ್ಟೆಯ ಮೇಲಿಟ್ಟರು. ಒಣಗಿದ ಮೇಲೆ ಹೆಂಚಿನ ಹಾಗೆ ಗಟ್ಟಿಯಾಯಿತು. "ಇದರಲ್ಲಿ ಭತ್ತದ ಬೇರು ಹೇಗೆ ಇಳಿಯಬೇಕು?" ಅಂದರು. ಗಣಿಯ ಮಣ್ಣು ಸುರಿದ ಗುಡ್ಡೆ, ಅಂದರೆ ಡಂಪಿನ ಯಾವ ಮೂಲೆ ಜರಿದರೆ ಯಾವ ಹಳ್ಳ ಕೆಂಪಾಗುತ್ತದೆ ಅಂತ ಅವರಿಗೆ ಬಾಯಿಪಾಠ.

ಫೋಂಡಾ ಮೇಷ್ಟ್ರು: ಅದೇ ನೋಡಿ. ಪರಿಸರ ಷರತ್ತು ಪಾಲಿಸಿದ್ದೇವೆ ಅಂತ ಕಂಪನಿಯೇ ವರ್ಷಕ್ಕೆ ಎರಡು ಸಲ ವರದಿ ಕೊಡುತ್ತದೆ. ಜೂನ್ 1ಕ್ಕೊಂದು, ಡಿಸೆಂಬರ್ 1ಕ್ಕೊಂದು. ಹೂಳು ಇಳಿಯೋದು ಜುಲೈ, ಆಗಸ್ಟ್‌ನಲ್ಲಿ!

ವಾಸ್ಕೊ ಬಸು: ಒಡಿಶಾದ ನಿಯಮಗಿರಿ ಮರೆತಿರಾ? 2013ರಲ್ಲಿ ಆ ಬೆಟ್ಟದಲ್ಲಿ ಗಣಿ ಬೇಕಾ ಅಂತ 12 ಗ್ರಾಮಸಭೆಗಳನ್ನು ಕೇಳಿದರು, ಹನ್ನೆರಡೂ ಬೇಡ ಅಂದವು. ಕಂಪನಿಗಳಿಗೆ ಆ ಹೆದರಿಕೆ ಇದ್ದೇ ಇದೆ.

ಮಡಗಾಂವ ಸುಮಾ: ಬಸು, ಅಲ್ಲಿ ಕೇಳಿದ್ದು ಗಣಿ ಬೇಕಾ ಬೇಡವಾ ಅಂತ. ನಾನು ಹೇಳುತ್ತಿರುವುದು ನಡೆಯುವ ಗಣಿಯನ್ನು ನೋಡಿಕೊಳ್ಳುವ ಮಾತು. ಗಾವಡಾ, ಕುಣಬಿ, ವೇಳಿಪರಿಗೆ 2003ರಲ್ಲಿ ಎಸ್‌ಟಿ ಪಟ್ಟ ಸಿಕ್ಕಿತು, ಆದರೆ ಸಂವಿಧಾನದ ಐದನೇ ಅನುಸೂಚಿಯಡಿ ಬುಡಕಟ್ಟು ಪ್ರದೇಶ ಅಂತ ಗುರುತಿಸಿದ ಜಾಗವೇ ಗೋವಾದಲ್ಲಿ ಇಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ಬಲ ಕೊಡುವ ಪೆಸಾ ಕಾಯ್ದೆ ಇಲ್ಲಿ ನಡೆಯೋದಿಲ್ಲ. ಕೇಳಿಯೇ ಪಡೆಯಬೇಕು.

ಸಾವರ್ಡೆ ಲಾರಿ: ಸರಿ, ಕೂರಿಸಿ ಅಂತಲೇ ಇಟ್ಕೊಳ್ಳಿ. ಕಮಿಟಿ ಅಂದಕೂಡಲೇ ಊರಿನ ದೊಡ್ಡ ಕುಳ ಬಂದು ಕೂರುತ್ತಾನೆ. ಅವನದೂ ನಾಲ್ಕು ಲಾರಿ ಅದೇ ಗಣಿಯಲ್ಲಿ ಓಡುತ್ತಿರುತ್ತವೆ. ನಾನೇ ಕಣ್ಣಾರೆ ನೋಡಿದ್ದೇನೆ. ಆ ಅಜ್ಜಿಯನ್ನು ಯಾರು ಕರೀತಾರೆ?

ಸಾಂಗೆ ಕಿರಾಣಿ: ಇದು ಮಾತ್ರ ನಿಜ. ನಿನ್ನೆ ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಮೀಟಿಂಗ್ ಎಲ್ಲಿ?" ಅಂದರು. ಪಣಜಿಯಲ್ಲಿರಬಹುದು ಅಂದೆ. ನಕ್ಕು ಬೆಲ್ಲ ತಗೊಂಡು ಹೋದರು.

ಮಡಗಾಂವ ಸುಮಾ: ಹಾಗಾದರೆ ಮೀಟಿಂಗ್ ಅವರ ಗದ್ದೆಯ ಬದುವಿನ ಮೇಲೇ ಇಡಲಿ. ಆಗಸ್ಟ್‌ನಲ್ಲಿ.